ಮನೆಯಲ್ಲಿ ಲೀಕ್: ಬೆಳೆಯುವವರೂ ಬೇಯಿಸುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ತಾರಸಿಯಲ್ಲಿ, ಹಿತ್ತಿಲಲ್ಲಿ ತರಕಾರಿ ಬೆಳೆಯುವವರೊಡನೆ ಮಾತಿಗೆ ಕೂತಾಗ ಲೀಕಿನ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳುವವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಬೇರೆ ಪ್ರದೇಶದ ಹೆಸರು ಹೇಳಿಲ್ಲದ ಕಡೆ ಬೆಂಗಳೂರು, ಮೈಸೂರು, ಹಾಸನದ ಸುತ್ತಲಿನ ಎತ್ತರದ ಮೈದಾನದ ಹವೆಯನ್ನೇ ಲೆಕ್ಕಕ್ಕೆ ಹಿಡಿಯಲಾಗಿದೆ.

## ಮೊದಲ ಪರಿಚಯ

ಲೀಕ್ ಅಂದರೆ ದಪ್ಪಗೆ ಬೆಳೆದ ಈರುಳ್ಳಿ ಸೊಪ್ಪು ತಾನೆ?

ಅಲ್ಲ. ಎರಡೂ ಒಂದೇ ಕುಟುಂಬದವು, ಆದರೆ ಜಾತಿ ಬೇರೆ. ಎಲೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಗೊತ್ತಾಗುತ್ತದೆ: ಈರುಳ್ಳಿ ಸೊಪ್ಪಿನ ಎಲೆ ಒಳಗೆ ಪೊಳ್ಳಾದ ಕೊಳವೆಯಾಗಿರುತ್ತದೆ, ಲೀಕಿನ ಎಲೆ ಚಪ್ಪಟೆಯಾಗಿದ್ದು ನಡುವೆ ಮಡಿಕೆಯನ್ನು ಹೊಂದಿರುತ್ತದೆ. ಲೀಕ್ ಗೆಡ್ಡೆ ಕಟ್ಟುವುದಿಲ್ಲ. ನಾವು ದಂಟು ಎಂದು ಕರೆಯುವ ಬಿಳಿ ಭಾಗ ನಿಜವಾಗಿ ದಂಟೇ ಅಲ್ಲ. ಅದು ಎಲೆಗಳ ಬುಡಗಳು ಒಂದರೊಳಗೊಂದು ಬಿಗಿಯಾಗಿ ಸುತ್ತಿಕೊಂಡು ಆದ ಕಂಬ. ಸಸ್ಯದ ನಿಜವಾದ ಕಾಂಡವೆಂದರೆ ಬೇರಿನ ಮೇಲೆ ಬಿಲ್ಲೆಯ ಹಾಗೆ ಕಾಣುವ ತೆಳುವಾದ ತಟ್ಟೆ ಮಾತ್ರ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮಣ್ಣೇರಿಸುವುದು ಏಕೆ, ಒಳಗೆ ಮರಳು ಸೇರುವುದು ಹೇಗೆ, ಬುಡ ಕತ್ತರಿಸಿ ನೆಟ್ಟರೆ ಮತ್ತೆ ಎಲೆ ಬರುವುದು ಹೇಗೆ ಎಂಬ ಮುಂದಿನ ಪ್ರಶ್ನೆಗಳಿಗೆಲ್ಲ ಅರ್ಧ ಉತ್ತರ ಸಿಕ್ಕಂತೆಯೇ.

ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಲೀಕ್ ತಿನ್ನಬಹುದೇ?

ಸಸ್ಯಶಾಸ್ತ್ರದ ಉತ್ತರ ನೇರವಾಗಿದೆ: ಲೀಕ್ ಈರುಳ್ಳಿ ಮತ್ತು ಬೆಳ್ಳುಳ್ಳಿ ಸೇರಿದ ಅಲಿಯಂ ಗಣದ್ದೇ ಸಸ್ಯ, ಅದರ ವಾಸನೆಗೆ ಕಾರಣವಾದ ಗಂಧಕದ ಸಂಯುಕ್ತಗಳೂ ಅವುಗಳ ಬಳಗಕ್ಕೇ ಸೇರಿದವು. ಆದ್ದರಿಂದ ವ್ರತಕ್ಕಾಗಿಯೋ ಮನೆತನದ ಆಚಾರಕ್ಕಾಗಿಯೋ ಅವೆರಡನ್ನು ಬಿಟ್ಟವರು ಇದನ್ನೂ ಅದೇ ಸಾಲಿಗೆ ಸೇರಿಸುವುದು ಸರಿ. ಪಂಕ್ತಿಗೆ ಬಡಿಸುವ ಅಡುಗೆಯಲ್ಲಿ, ಹೆಸರು ಹೊಸದು ಎಂಬ ಕಾರಣಕ್ಕೆ ಯಾರಿಗೂ ಹೇಳದೆ ಬಳಸುವುದು ಸೌಜನ್ಯವಲ್ಲ.

ಬಿಸಿಲಿನ ನಮ್ಮ ಊರಿನಲ್ಲಿ ಇದು ಬರುತ್ತದೆಯೇ?

ಲೀಕ್‌ಗೆ ಹಿತವೆನಿಸುವುದು ಸುಮಾರು 13ರಿಂದ 24 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ನವೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ಇದಕ್ಕೆ ಸಾಕಷ್ಟು ಹತ್ತಿರದ್ದು. ಕೊಡಗು, ಚಿಕ್ಕಮಗಳೂರಿನ ಎತ್ತರದ ಊರುಗಳು ಇನ್ನೂ ಅನುಕೂಲ. ನೀಲಗಿರಿಯ ಇಳಿಜಾರುಗಳಲ್ಲಂತೂ ಇದನ್ನು ಮಾರಾಟಕ್ಕಾಗಿಯೇ ಬೆಳೆಯುತ್ತಾರೆ. ಈರುಳ್ಳಿ ಗೆಡ್ಡೆ ಕಟ್ಟಬೇಕಾದರೆ ಹಗಲಿನ ಉದ್ದ ಇಂತಿಷ್ಟಿರಬೇಕು; ಯುರೋಪಿನ ಈರುಳ್ಳಿ ತಳಿಗಳು ನಮ್ಮಲ್ಲಿ ಬರಿಯ ಎಲೆ ಬಿಟ್ಟು ನಿಲ್ಲುವುದು ಅದಕ್ಕೇ. ಗೆಡ್ಡೆಯೇ ಇಲ್ಲದ ಲೀಕ್‌ಗೆ ಆ ತೊಡಕಿಲ್ಲ. ಮಂಗಳೂರು, ಉಡುಪಿಯಂಥ ಸೆಕೆಯ ಊರುಗಳಲ್ಲಿ ಮಾತ್ರ ದಪ್ಪ ಕಂಬದ ಆಸೆ ಇಟ್ಟುಕೊಳ್ಳದೆ, ಬೆರಳುಗಾತ್ರದಲ್ಲೇ ಕಿತ್ತು ಸೊಪ್ಪಿನ ಹಾಗೆ ಬಳಸುವ ಲೆಕ್ಕದಲ್ಲಿ ಬೆಳೆಯುವುದು ಜಾಣತನ.

ಆರು ತಿಂಗಳು ಕಾಯುವಷ್ಟು ಇದರಲ್ಲಿ ಏನಿದೆ?

ನಿಧಾನವಾಗಿ ಬೇಯಿಸಿದ ಲೀಕಿನಲ್ಲಿ ಈರುಳ್ಳಿಗಿಲ್ಲದ ಒಂದು ಮೃದುವಾದ ಸಿಹಿಯೂ ಹಸಿರು ಪರಿಮಳವೂ ಇದೆ, ಮತ್ತು ಅದು ಒಗ್ಗರಣೆಯ ಸಹಾಯಕ ಪದಾರ್ಥವಾಗಿ ಅಲ್ಲ, ತಾನೇ ಒಂದು ತರಕಾರಿಯಾಗಿ ಊಟದ ಎಲೆಯ ಮೇಲೆ ನಿಲ್ಲಬಲ್ಲದು. ಈರುಳ್ಳಿಗೆ ಬದಲಿಯಾಗಿ ಬಳಸಲೆಂದೇ ಬೆಳೆಯುವುದಾದರೆ ಆರು ತಿಂಗಳು ಖಂಡಿತ ದಂಡ. ಮಾರುಕಟ್ಟೆಯಲ್ಲಿ ದೊಡ್ಡ ಅಂಗಡಿಗಳಿಗೆ ಬರುವ ಲೀಕ್ ಕಿತ್ತು ಹಲವು ದಿನಗಳಾಗಿರುವುದೂ ಉಂಟು, ಎಲೆಯ ಹೆಚ್ಚು ಭಾಗವನ್ನು ಕತ್ತರಿಸಿಯೇ ಮಾರುವುದೂ ಉಂಟು. ಮನೆಯದಾದರೆ ಇಡೀ ಗಿಡ ನಿಮ್ಮದು. ಇನ್ನು ಇದರ ಹಳಮೆಯ ಬಗ್ಗೆ ಹೇಳುವುದಾದರೆ, ರೋಮಿನ ಚಕ್ರವರ್ತಿ ನೀರೋ ಹಾಡುವ ದನಿ ಚೆನ್ನಾಗಿರಲೆಂದು ಇದನ್ನು ಎಣ್ಣೆಯೊಡನೆ ತಿನ್ನುತ್ತಿದ್ದನೆಂದೂ, ಅದಕ್ಕಾಗಿ ಜನ ಅವನಿಗೆ ಲೀಕ್ ತಿನ್ನುವವನೆಂಬ ಅರ್ಥದ ಅಡ್ಡಹೆಸರು ಇಟ್ಟಿದ್ದರೆಂದೂ ಹೇಳುತ್ತಾರೆ. ಅವನ ದನಿ ಸುಧಾರಿಸಿತೇ ಎಂಬುದು ಕೇಳಿದವರಿಗೇ ಗೊತ್ತು.

ಅಂಗಡಿಯಿಂದ ತಂದ ಲೀಕಿನ ಬುಡ ನೆಟ್ಟರೆ ಸಾಕಲ್ಲವೇ? ಬೀಜ ಏಕೆ?

ಬೇರಿನ ತಟ್ಟೆಯೊಡನೆ ಎರಡು ಬೆರಳಗಲ ಬಿಳಿ ಭಾಗ ಉಳಿಸಿ, ಬೇರು ಮಾತ್ರ ಮುಳುಗುವಷ್ಟು ನೀರಿನಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ನಡುವಿನಿಂದ ಹೊಸ ಎಲೆ ಏಳುತ್ತದೆ. ಆಮೇಲೆ ಮಣ್ಣಿಗೆ ಇಟ್ಟರೆ ಕೆಲವು ವಾರ ಸೊಪ್ಪು ಕತ್ತರಿಸಿಕೊಳ್ಳಬಹುದು. ಆದರೆ ಆ ಬುಡದಿಂದ ಮತ್ತೊಮ್ಮೆ ದಪ್ಪನೆಯ ಬಿಳಿ ಕಂಬ ಬರುತ್ತದೆಂದು ಕಾಯುವುದು ಬೇಡ. ಮೊದಲೇ ಬೆಟ್ಟದ ಚಳಿ ಕಂಡ ಗಿಡವಾಗಿದ್ದರೆ ಅದು ಎಲೆ ಬಿಡುವ ಬದಲು ಹೂಕಡ್ಡಿ ಎಬ್ಬಿಸುವ ಸಾಧ್ಯತೆಯೂ ಇದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ. ಬೆಳೆಗೆ ಬೀಜವೇ ದಾರಿ.

## ಬಿತ್ತನೆಯಿಂದ ನಾಟಿಯವರೆಗೆ

ಯಾವಾಗ ಬಿತ್ತಬೇಕು? ತಿಂಗಳುಗಳ ಲೆಕ್ಕ ನೆನಪಿನಲ್ಲಿ ಉಳಿಯುವುದಿಲ್ಲ.

ಹಬ್ಬಗಳ ಲೆಕ್ಕ ಇಟ್ಟುಕೊಳ್ಳಿ. ಗೌರಿ ಗಣೇಶ ಹಬ್ಬಕ್ಕೆ ಬಿತ್ತನೆ, ದೀಪಾವಳಿಗೆ ನಾಟಿ, ಶಿವರಾತ್ರಿಗೆ ಕಟಾವು. ಭಾದ್ರಪದ ಶುದ್ಧ ಚೌತಿಯಿಂದ ಆಶ್ವಯುಜದ ಅಮಾವಾಸ್ಯೆಗೆ ಎಂಟು ವಾರಗಳಾಗುತ್ತವೆ. ಬೀಜದಿಂದ ನಾಟಿಗೆ ಬರುವ ಸಸಿಯಾಗಲು ಬೇಕಾದದ್ದು ಎಂಟರಿಂದ ಹತ್ತು ವಾರ. ದೀಪಾವಳಿಯಿಂದ ಮಾಘದ ಶಿವರಾತ್ರಿಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು. ನಾಟಿಯಾದ ಲೀಕ್ ದಪ್ಪವಾಗಲು ಬೇಕಾದ ಕಾಲವೂ ಅಷ್ಟೇ. ನಡುವೆ ಅಧಿಕ ಮಾಸ ಬಂದ ವರ್ಷ ಹಬ್ಬಗಳು ತಡವಾಗಿ ಬರುತ್ತವೆ, ಆಗ ಬಿತ್ತನೆಯನ್ನು ಹಬ್ಬಕ್ಕಿಂತ ಎರಡು ವಾರ ಮುಂಚೆಯೇ ಮಾಡಿದರೆ ಒಳ್ಳೆಯದು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವ ಮಾತು ಲೀಕಿನ ಮಟ್ಟಿಗಂತೂ ಅಕ್ಷರಶಃ ನಿಜ: ಆಮೇಲಿನ ಬಿಸಿಲಿನಲ್ಲಿ ಅದು ದಪ್ಪವಾಗುವುದಕ್ಕಿಂತ ನಾರಾಗುವುದೇ ಹೆಚ್ಚು. ಕಲಬುರಗಿ, ರಾಯಚೂರಿನ ಕಡೆಯವರು ಸೆಪ್ಟೆಂಬರ್ ಕಡೆಯ ಹೊತ್ತಿಗೆ, ಬಿಸಿಲು ಸ್ವಲ್ಪ ಇಳಿದ ಮೇಲೆ, ನೆರಳಿನಲ್ಲಿ ಬಿತ್ತುವುದು ಕ್ಷೇಮ.

ಬಿತ್ತಿ ಮೂರು ವಾರವಾಯಿತು, ಒಂದು ಬೀಜವೂ ಮೊಳೆತಿಲ್ಲ. ಏನು ಕಾರಣ?

ಹೆಚ್ಚಿನ ಸಂದರ್ಭಗಳಲ್ಲಿ ಹಳೆಯ ಬೀಜವೇ ಕಾರಣ. ಈರುಳ್ಳಿ ಕುಟುಂಬದ ಬೀಜಗಳಿಗೆ ಆಯಸ್ಸು ಕಡಿಮೆ. ತಂಪಾಗಿ, ಒಣಗಿದ ಕಡೆ ಇಟ್ಟರೂ ಎರಡು ವರ್ಷದ ನಂತರ ಮೊಳೆಯುವ ಶಕ್ತಿ ವೇಗವಾಗಿ ಇಳಿಯುತ್ತದೆ. ಅಂಗಡಿಯ ಗೋಡೆಗೆ ತೂಗಿದ ಪೊಟ್ಟಣ ನಮ್ಮ ಸೆಕೆಯಲ್ಲಿ ಒಂದು ಬೇಸಿಗೆ ಕಳೆದಿದ್ದರೆ ಅದರ ಮೇಲೆ ಮುದ್ರಿಸಿದ ಅವಧಿಯನ್ನು ನಂಬುವುದು ಕಷ್ಟ. ಪ್ಯಾಕ್ ಮಾಡಿದ ದಿನಾಂಕ ನೋಡಿ ಕೊಳ್ಳಬೇಕು, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಬೇಕು.

ಎರಡನೆಯ ಕಾರಣ ಬಿಸಿ. 20ರಿಂದ 25 ಡಿಗ್ರಿಯಲ್ಲಿ ಬೀಜ ಒಂದು ವಾರದಿಂದ ಎರಡು ವಾರದೊಳಗೆ ಮೊಳೆಯುತ್ತದೆ, 30 ದಾಟಿದರೆ ಹಿಂಜರಿಯುತ್ತದೆ. ಬಿಸಿಲಿಗೆ ಕಾದ ತಾರಸಿಯ ಮೇಲೆ ಕಪ್ಪು ಟ್ರೇ ಇಟ್ಟರೆ ಮಣ್ಣು ಎಷ್ಟು ಕಾಯುತ್ತದೆಂಬುದನ್ನು ಬೆರಳಿಟ್ಟು ನೋಡಿದರೆ ಸಾಕು. ಮೊಳೆಯುವವರೆಗೆ ನೆರಳು, ಮೊಳೆತ ದಿನದಿಂದ ಬೆಳಕು. ಬೀಜವನ್ನು ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೂಳಬಾರದು. ಮೊಳೆತ ಸಸಿಗಳು ಬುಡದಲ್ಲಿ ಕೊಳೆತು ಮಲಗುತ್ತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಸಸಿಮಡಿಯ ಮಣ್ಣಿಗೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಎರೆಗೊಬ್ಬರ ಸೇರಿಸುವುದು ಒಳ್ಳೆಯ ಮುಂಜಾಗ್ರತೆ.

ಯಾವ ತಳಿ ಕೊಳ್ಳಲಿ?

ನಮ್ಮಲ್ಲಿ ಚಳಿಗಾಲ ಚಿಕ್ಕದು, ಆದ್ದರಿಂದ ಬೇಗ ಬರುವ ತಳಿಯೇ ಬೇಕು. ಕಿಂಗ್ ರಿಚರ್ಡ್ ತೆಳುವಾದ, ಉದ್ದ ಕಂಬದ, ಬೇಗ ಕಟಾವಿಗೆ ಬರುವ ತಳಿ. ಅಮೆರಿಕನ್ ಫ್ಲ್ಯಾಗ್ ಮತ್ತು ಲಂಡನ್ ಫ್ಲ್ಯಾಗ್ ಭಾರತದಲ್ಲಿ ಹೆಚ್ಚು ಕಾಲದಿಂದ ಬಳಕೆಯಲ್ಲಿವೆ. ಹಿಮಾಚಲದ ಪಾಲಂಪುರದಿಂದ ಬಂದ ಪಾಲಂ ಪೌಷ್ಟಿಕ್ ಎಂಬ ತಳಿಯೂ ಇದೆ. ಸ್ಕಾಟ್ಲೆಂಡಿನ ಮಸಲ್‌ಬರಾ, ಫ್ರಾನ್ಸಿನ ಬ್ಲೂ ದ ಸೊಲೇಜ್ ಇವು ಹಿಮದಲ್ಲೂ ನಿಲ್ಲುವ ಗಟ್ಟಿ ತಳಿಗಳೆಂದು ಹೆಸರಾದವು. ಆ ಗುಣಕ್ಕೆ ಬೆಂಗಳೂರಿನ ತಾರಸಿಯಲ್ಲಿ ಉಪಯೋಗವಿಲ್ಲ, ಅವು ತೆಗೆದುಕೊಳ್ಳುವ ಹೆಚ್ಚಿನ ಸಮಯ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ.

ಕುಂಡ ಎಷ್ಟು ಆಳ ಇರಬೇಕು, ಮಣ್ಣು ಹೇಗಿರಬೇಕು?

ಅಗಲಕ್ಕಿಂತ ಆಳ ಮುಖ್ಯ. ಹದಿನೈದು ಅಂಗುಲ ಆಳದ ಗ್ರೋ ಬ್ಯಾಗ್ ಆದರೆ ಕೆಳಗಿನ ಒಂಬತ್ತು ಹತ್ತು ಅಂಗುಲ ಮಾತ್ರ ಮಣ್ಣು ತುಂಬಿ, ಉಳಿದದ್ದನ್ನು ಮುಂದೆ ಮಣ್ಣೇರಿಸಲು ಬಿಡಬಹುದು. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ (ಕೊಕೊಪೀಟ್) ಈ ಮೂರನ್ನು ಸಮನಾಗಿ ಬೆರೆಸಿ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಹುಳಿ ಮಣ್ಣು ಇದಕ್ಕೆ ಆಗದು. ಮಲೆನಾಡಿನ ಕಡೆಯವರು ಸ್ವಲ್ಪ ಕೃಷಿ ಸುಣ್ಣ ಹಾಕಿ ರಸಸಾರವನ್ನು (pH) 6ರಿಂದ 7ರ ನಡುವೆ ತರಬೇಕು. ಕಳೆದ ಋತುವಿನಲ್ಲಿ ಈರುಳ್ಳಿ ಅಥವಾ ಬೆಳ್ಳುಳ್ಳಿ ಇದ್ದ ಚೀಲವನ್ನು ಹಾಗೆಯೇ ಮತ್ತೆ ಬಳಸಬಾರದು, ಅವುಗಳ ರೋಗಗಳೆಲ್ಲ ಇದಕ್ಕೂ ತಗಲುತ್ತವೆ.

ನಾಟಿ ಮಾಡಿದ ಮೇಲೆ ಕುಳಿ ಮುಚ್ಚಬೇಡಿ ಅನ್ನುತ್ತಾರಲ್ಲ, ಸಸಿ ಒಣಗಿಹೋಗುವುದಿಲ್ಲವೇ?

ಹೋಗುವುದಿಲ್ಲ, ಮತ್ತು ಈ ಕ್ರಮದಲ್ಲಿ ಒಂದು ಜಾಣ್ಮೆ ಇದೆ. ಸಸಿ ಪೆನ್ಸಿಲ್ ದಪ್ಪವಾಗಿ ಒಂದು ಗೇಣು ಎತ್ತರವಾದಾಗ, ಗುದ್ದಲಿಯ ಹಿಡಿಯಂಥ ದುಂಡು ಕೋಲಿನಿಂದ ಹದಿನೈದು ಸೆಂಟಿಮೀಟರ್ ಆಳದ ಕುಳಿಗಳನ್ನು ಒತ್ತಬೇಕು. ಗಿಡದಿಂದ ಗಿಡಕ್ಕೆ ಹದಿನೈದು ಸೆಂಟಿಮೀಟರ್, ಸಾಲಿನಿಂದ ಸಾಲಿಗೆ ಒಂದು ಅಡಿ ಇರಲಿ. ಕುಳಿಗೆ ಒಂದೊಂದು ಸಸಿ ಇಳಿಬಿಟ್ಟು, ತುದಿಯ ಎಲೆ ಹೊರಗೆ ಕಾಣುವಂತೆ ನಿಲ್ಲಿಸಿ, ಮಣ್ಣು ತುಂಬದೆ ನೀರು ಮಾತ್ರ ಹೊಯ್ಯಬೇಕು. ನೀರಿನೊಡನೆ ಜಾರುವ ಅಷ್ಟಿಷ್ಟು ಮಣ್ಣೇ ಬೇರನ್ನು ಹಿಡಿದುಕೊಳ್ಳುತ್ತದೆ. ಮುಂದಿನ ವಾರಗಳಲ್ಲಿ ಪ್ರತಿ ಸಲ ನೀರು ಹಾಕಿದಾಗಲೂ ಅಂಚು ಸವೆದು ಕುಳಿ ತಾನಾಗಿಯೇ ತುಂಬುತ್ತ ಬರುತ್ತದೆ, ಆ ಹೊತ್ತಿಗೆ ಕಂಬ ಆ ಜಾಗದಲ್ಲಿ ದಪ್ಪವಾಗಿರುತ್ತದೆ. ಮೊದಲೇ ಮಣ್ಣು ಬಿಗಿದು ತುಂಬಿದರೆ ಎಲೆಗಳ ನಡುವಿನ ಬೆಳೆಯುವ ತುದಿಗೆ ಮಣ್ಣು ಸೇರುತ್ತದೆ. ಸಡಿಲವಾದ ಕೊಕೊಪೀಟ್ ಮಿಶ್ರಣದಲ್ಲಿ ಕುಳಿ ನಿಲ್ಲುವುದಿಲ್ಲವೆಂದು ಹಲವರು ಹೇಳುತ್ತಾರೆ. ಹಿಂದಿನ ದಿನ ಚೆನ್ನಾಗಿ ನೀರು ಹಾಕಿ ಮಣ್ಣು ಕೂರಲು ಬಿಟ್ಟರೆ ನಿಲ್ಲುತ್ತದೆ.

ನಾಟಿಗೆ ಮುಂಚೆ ಬೇರು, ಎಲೆ ಕತ್ತರಿಸಬೇಕೇ?

ಎಲೆ ಕತ್ತರಿಸಬೇಡಿ, ಗಿಡ ಚೇತರಿಸಿಕೊಳ್ಳುವುದು ಆ ಎಲೆಗಳಿಂದಲೇ. ಬೇರು ಅತಿ ಉದ್ದವಾಗಿ ಕುಳಿಗೆ ಇಳಿಯದಿದ್ದರೆ ಮಾತ್ರ ತುದಿ ಕತ್ತರಿಸಬಹುದು.

## ಬೆಳೆಯುವ ಕಾಲದಲ್ಲಿ

ನನ್ನ ಲೀಕಿನಲ್ಲಿ ಬಿಳಿ ಭಾಗ ಎರಡು ಅಂಗುಲ ಮಾತ್ರ. ಅಂಗಡಿಯದು ಅಷ್ಟುದ್ದ ಹೇಗೆ?

ಬೆಳಕು ತಾಗಿದ ಕಡೆ ಎಲೆ ಹಸಿರಾಗುತ್ತದೆ, ತಾಗದ ಕಡೆ ಬಿಳಿಯಾಗಿ ಮೃದುವಾಗಿ ಉಳಿಯುತ್ತದೆ. ಅಂಗಡಿಯ ಲೀಕ್ ಬೆಳೆದವರು ಆಳಕ್ಕೆ ನೆಟ್ಟು, ಆಮೇಲೆ ಬುಡಕ್ಕೆ ಮಣ್ಣೇರಿಸಿದ್ದಾರೆ, ಅಷ್ಟೇ. ಕುಳಿ ತುಂಬಿದ ಮೇಲೆ ಮೂರು ವಾರಕ್ಕೊಮ್ಮೆ ಎರಡು ಅಂಗುಲದಂತೆ ಮಣ್ಣು ಅಥವಾ ಒಣ ತರಗೆಲೆಯ ಪುಡಿ ಏರಿಸುತ್ತ ಹೋಗಬೇಕು. ಏರಿಸುವ ಮಣ್ಣು ಎಲೆಗಳು ಕವಲೊಡೆಯುವ ಜಾಗಕ್ಕಿಂತ ಒಂದು ಬೆರಳು ಕೆಳಗೇ ನಿಲ್ಲಬೇಕು. ಅದನ್ನು ದಾಟಿದರೆ ಮರಳೆಲ್ಲ ಒಳಗೆ ಇಳಿಯುತ್ತದೆ. ಕುಂಡದಲ್ಲಿ ಬೆಳೆಯುವವರಿಗೆ ಇನ್ನೂ ಸುಲಭದ ಉಪಾಯವೆಂದರೆ ಕಾಗದದ ಸುರುಳಿಯ ರಟ್ಟಿನ ಕೊಳವೆ ಅಥವಾ ಮಡಿಸಿದ ಹಾಳೆಯನ್ನು ಕಂಬದ ಸುತ್ತ ಸಡಿಲವಾಗಿ ಕಟ್ಟುವುದು. ಬಾಳೆಯ ಒಣ ಪಟ್ಟೆ ಸಿಗುವ ಮನೆಯಲ್ಲಿ ರಟ್ಟಿನ ಅಗತ್ಯವೇ ಇಲ್ಲ. ಈ ಕ್ರಮದಲ್ಲಿ ಮರಳಿನ ಕಾಟವೂ ಕಡಿಮೆ, ಮಳೆ ಬಂದರೆ ಮಾತ್ರ ಬಿಚ್ಚಿ ಒಣಗಿಸಬೇಕು.

ನೀರು, ಗೊಬ್ಬರ ಎಷ್ಟು?

ಇದರ ಬೇರು ಆಳಕ್ಕೆ ಹೋಗುವುದಿಲ್ಲ, ಹಾಗಾಗಿ ಮಣ್ಣು ಪೂರ್ತಿ ಒಣಗಲು ಬಿಡಬಾರದು. ಎಲೆಯೇ ಬೆಳೆಯಾದ್ದರಿಂದ ಸಾರಜನಕ ಬೇಕು: ಹದಿನೈದು ದಿನಕ್ಕೊಮ್ಮೆ ತೆಳುಮಾಡಿದ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲೆಸಿ ಕೊಳೆಸಿದ ದ್ರವಗೊಬ್ಬರ), ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ. ಕಟಾವಿಗೆ ಮೂರು ವಾರ ಇರುವಾಗ ಗೊಬ್ಬರ ನಿಲ್ಲಿಸಬಹುದು.

ಎಲೆಗಳ ಮೇಲೆ ಬೆಳ್ಳಿ ಬಣ್ಣದ ಗೀರುಗಳು ಕಾಣುತ್ತಿವೆ. ಇದು ಯಾವ ರೋಗ?

ರೋಗವಲ್ಲ, ಥ್ರಿಪ್ಸ್ ನುಸಿ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೀಟ ಎಲೆಯನ್ನು ಕೆರೆದು ರಸ ಹೀರುತ್ತದೆ, ಖಾಲಿಯಾದ ಕೋಶಗಳು ಬೆಳ್ಳಗೆ ಹೊಳೆಯುತ್ತವೆ. ಈರುಳ್ಳಿ ಬೆಳೆಯುವ ರೈತರಿಗೆ ಇದು ಹಳೆಯ ಪರಿಚಯ. ಮಳೆ ನಿಂತು ಒಣ ಹವೆ ಶುರುವಾದ ಮೇಲೆ, ಜನವರಿಯಿಂದಾಚೆ, ಇದರ ಕಾಟ ಏರುತ್ತದೆ. ಇದು ಅಡಗುವುದು ನಡುವಿನ ಎಳೆ ಎಲೆಗಳ ಮಡಿಕೆಯಲ್ಲಿ; ಹೊರ ಎಲೆಗೆ ಮಾತ್ರ ಸಿಂಪಡಿಸಿದರೆ ಏನೂ ಆಗದು. ಮೊದಲು ಬೆಳಗಿನ ಹೊತ್ತು ಆ ಮಡಿಕೆಗೆ ನೀರನ್ನು ರಭಸವಾಗಿ ಹಾಯಿಸಬೇಕು. ಕಡಿಮೆಯಾಗದಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೆ ಮಾಡಬೇಕು, ಏಕೆಂದರೆ ಎಲೆಯೊಳಗಿನ ಮೊಟ್ಟೆಗಳಿಗೂ ಮಣ್ಣಿಗಿಳಿದ ಮರಿಗಳಿಗೂ ಮೊದಲ ಸಿಂಪಡಣೆ ತಾಗಿರುವುದಿಲ್ಲ. ನೀಲಿ ಬಣ್ಣದ ಅಂಟುಹಾಳೆ ತೂಗಿದರೆ ಹಾವಳಿ ಎಷ್ಟಿದೆಯೆಂಬುದು ತಿಳಿಯುತ್ತದೆ. ಒಂದಿಷ್ಟು ಗೀರಿದ್ದರೂ ತಿನ್ನಲು ಅಡ್ಡಿಯಿಲ್ಲ.

ಎಲೆಯ ನಡುವೆ ನೇರಳೆ ಮಚ್ಚೆ ಬಿದ್ದು ಅಲ್ಲಿಂದಾಚೆ ಒಣಗುತ್ತಿದೆ. ಉಳಿಸಬಹುದೇ?

ಇದು ನೇರಳೆ ಮಚ್ಚೆ ರೋಗ. ಆಲ್ಟರ್ನೇರಿಯಾ ಪೊರೈ ಎಂಬ ಶಿಲೀಂಧ್ರದಿಂದ ಬರುತ್ತದೆ. ಬೆಚ್ಚನೆಯ ಹವೆಯಲ್ಲಿ ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಹರಡುತ್ತದೆ, ಅದಕ್ಕೇ ಅಕ್ಟೋಬರ್‌ನ ಹಿಂಗಾರು ಮಳೆಯ ದಿನಗಳಲ್ಲಿ ಹೆಚ್ಚು. ಮಚ್ಚೆ ಬಿದ್ದ ಎಲೆಗಳನ್ನು ಬುಡದಿಂದ ತೆಗೆದು ತೋಟದಿಂದ ಹೊರಹಾಕಿ, ಸಂಜೆಯ ಹೊತ್ತು ಮೇಲಿನಿಂದ ನೀರು ಹಾಕುವುದನ್ನು ಬಿಟ್ಟು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಿದರೆ ಹೊಸ ಎಲೆ ಶುದ್ಧವಾಗಿ ಬರುತ್ತದೆ. ಕಿತ್ತಳೆ ಬಣ್ಣದ ಪುಡಿಗುಳ್ಳೆಗಳಿದ್ದರೆ ಅದು ತುಕ್ಕು ರೋಗ. ತಂಪು ಪ್ರದೇಶಗಳಲ್ಲಿ ಹೆಚ್ಚು, ಹದ ಮೀರಿ ಸಾರಜನಕ ಕೊಟ್ಟ ಗಿಡಗಳಲ್ಲಿ ಇನ್ನೂ ಹೆಚ್ಚು.

ಕೀಳುವುದು ಯಾವಾಗ?

ಹೆಬ್ಬೆರಳಿನ ದಪ್ಪವಾದ ದಿನದಿಂದ ಯಾವಾಗ ಬೇಕಾದರೂ. ಈರುಳ್ಳಿಯ ಹಾಗೆ ಎಲೆ ಒಣಗುವುದನ್ನು ಕಾಯಬಾರದು, ಇಲ್ಲಿ ಒಣಗುವುದೆಂದರೆ ಕೆಡುವುದು. ಎಲೆ ಹಿಡಿದು ಎಳೆದರೆ ಮೇಲ್ಭಾಗ ಮಾತ್ರ ಕೈಗೆ ಬರುತ್ತದೆ. ಪಕ್ಕದಿಂದ ಕುರ್ಪಿ ಇಳಿಸಿ ಬೇರು ಸಡಿಲಿಸಿ ಎತ್ತಬೇಕು. ಒಂದು ಬಿಟ್ಟು ಒಂದು ಕೀಳುತ್ತ ಹೋದರೆ ಉಳಿದವಕ್ಕೆ ಜಾಗ ಸಿಕ್ಕಿ ಅವು ದಪ್ಪವಾಗುತ್ತವೆ.

## ಅಡುಗೆಮನೆಯಲ್ಲಿ

ಎಷ್ಟು ತೊಳೆದರೂ ಬಾಯಿಗೆ ಮರಳು ಸಿಗುತ್ತದೆ. ತೊಳೆಯುವ ಸರಿಯಾದ ಕ್ರಮ ಯಾವುದು?

ಹೊರಗಿನಿಂದ ತೊಳೆದರೆ ಪ್ರಯೋಜನವಿಲ್ಲ, ಮರಳಿರುವುದು ಪದರಗಳ ನಡುವೆ, ಅದೂ ಹಸಿರು ಮತ್ತು ಬಿಳಿ ಸೇರುವ ಜಾಗದಲ್ಲಿ. ಬೇರಿನ ತಟ್ಟೆ ಹಾಗೇ ಇರುವಂತೆ, ಅದರ ಸ್ವಲ್ಪ ಮೇಲಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ, ತುದಿ ಕೆಳಗೆ ಮಾಡಿ ಹಿಡಿದು, ಪುಸ್ತಕದ ಹಾಳೆ ಬಿಡಿಸುವಂತೆ ಪದರ ಬಿಡಿಸುತ್ತ ಹರಿಯುವ ನೀರಿನಲ್ಲಿ ತೊಳೆಯಬೇಕು. ಬುಡ ಮೇಲಿದ್ದರೆ ಮರಳು ಹೊರಗೆ ಹೋಗುತ್ತದೆ, ಕೆಳಗಿದ್ದರೆ ಇನ್ನೂ ಒಳಗೆ ಇಳಿಯುತ್ತದೆ. ಸಣ್ಣಗೆ ಹೆಚ್ಚುವುದಾದರೆ ಮೊದಲು ಹೆಚ್ಚಿ, ಅಗಲವಾದ ಪಾತ್ರೆಯ ನೀರಿನಲ್ಲಿ ಕಲಕಿ, ಎರಡು ನಿಮಿಷ ಬಿಟ್ಟು, ತೇಲುವ ಚೂರುಗಳನ್ನು ಕೈಯಿಂದ ಎತ್ತಿಕೊಳ್ಳಬೇಕು. ಪಾತ್ರೆಯನ್ನು ಜರಡಿಗೆ ಬಗ್ಗಿಸಿದರೆ ತಳದ ಮರಳೆಲ್ಲ ಮತ್ತೆ ಚೂರುಗಳ ಮೇಲೇ ಬೀಳುತ್ತದೆ.

ಹಸಿರು ಭಾಗ ಎಸೆಯಬೇಕೇ?

ಎಸೆಯುವುದು ಮಾರುಕಟ್ಟೆಯ ಅಭ್ಯಾಸ. ಎಳೆಯ ತಿಳಿಹಸಿರು ಭಾಗವನ್ನು ಬಿಳಿಯೊಡನೆಯೇ ಬೇಯಿಸಬಹುದು, ಐದು ನಿಮಿಷ ಮುಂಚೆ ಬಾಣಲೆಗೆ ಹಾಕಿದರೆ ಸಾಕು. ಗಾಢ ಹಸಿರಿನ ದಪ್ಪ ಎಲೆಯಲ್ಲಿ ಸ್ವಲ್ಪ ಲೋಳೆ ಇರುತ್ತದೆ, ಅದು ಹಾಳಾದ ಲಕ್ಷಣವಲ್ಲ. ಆ ಎಲೆಗಳನ್ನು ಮೆಣಸು, ಶುಂಠಿಯೊಡನೆ ಅರ್ಧ ಗಂಟೆ ಕುದಿಸಿ ಸೋಸಿದರೆ ಮೆಣಸಿನ ಸಾರಿಗೂ ಪಲಾವಿಗೂ ಒಳ್ಳೆಯ ತಿಳಿಸಾರು ಸಿಗುತ್ತದೆ.

ಈರುಳ್ಳಿಯ ಹಾಗೆ ಕೆಂಪಗೆ ಹುರಿದೆ, ಕಹಿಯಾಯಿತು. ಏಕೆ?

ಲೀಕಿನ ಪದರಗಳು ತೆಳು, ನಾರು ಹೆಚ್ಚು, ನೀರಿನ ಅಂಶ ಈರುಳ್ಳಿಗಿಂತ ಕಡಿಮೆ. ದೊಡ್ಡ ಉರಿಯಲ್ಲಿ ಅಂಚು ಸುಟ್ಟು ಕಹಿಯಾಗುತ್ತದೆ, ನಡುವೆ ಮಾತ್ರ ಹಸಿಯಾಗಿ ನಾರುನಾರಾಗಿ ಉಳಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಅಥವಾ ತುಪ್ಪ ಕರಗಿಸಿ, ಸಣ್ಣಗೆ ಹೆಚ್ಚಿದ ಲೀಕ್ ಹಾಕಿ, ಉಪ್ಪು ಬೆರೆಸಿ, ಮುಚ್ಚಳ ಮುಚ್ಚಿ ಅತಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ತನ್ನದೇ ನೀರಿನಲ್ಲಿ ಬೇಯಲು ಬಿಡಬೇಕು. ಬಣ್ಣ ಬದಲಾಗಬಾರದು, ಬೆರಳಲ್ಲಿ ಒತ್ತಿದರೆ ಕರಗಬೇಕು. ಲೀಕಿನ ಅಡುಗೆಯೆಲ್ಲ ಇದೊಂದು ಹದದ ಮೇಲೆ ನಿಂತಿದೆ. ಈ ಹದ ಕೈಗೆ ಬಂದವರಿಗೆ ಮುಂದಿನ ಯಾವ ಪಾಕವಿಧಾನವೂ ಕಷ್ಟವಲ್ಲ.

ನಮ್ಮ ದಿನನಿತ್ಯದ ಅಡುಗೆಯಲ್ಲಿ ಇದನ್ನು ಎಲ್ಲಿ ಬಳಸಲಿ?

ಮೊದಲ ಸ್ಥಾನ ಹೆಸರುಬೇಳೆ ತೊವ್ವೆಗೆ. ಮೇಲೆ ಹೇಳಿದ ಹಾಗೆ ತುಪ್ಪದಲ್ಲಿ ಬೇಯಿಸಿದ ಒಂದು ಬಟ್ಟಲು ಲೀಕನ್ನು ಮೆತ್ತಗೆ ಬೆಂದ ಬೇಳೆಗೆ ಸೇರಿಸಿ, ಜೀರಿಗೆ, ಕುಟ್ಟಿದ ಮೆಣಸು, ಕಡೆಯಲ್ಲಿ ನಿಂಬೆರಸ ಹಾಕಿದರೆ ಬೇರೇನೂ ಬೇಡ. ಬೇಳೆಯ ಸೌಮ್ಯತೆ ಲೀಕಿನ ಸಿಹಿಯನ್ನು ಮರೆಮಾಡುವುದಿಲ್ಲ.

ಅಕ್ಕಿರೊಟ್ಟಿ ಎರಡನೆಯದು. ಎರಡು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ತೀರಾ ಸಣ್ಣಗೆ ಹೆಚ್ಚಿದ ಲೀಕ್ ಸಾಕು. ಲೀಕಿಗೆ ಮೊದಲು ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅದು ನೀರು ಬಿಟ್ಟು ಮೆತ್ತಗಾಗುತ್ತದೆ, ಆ ನೀರಿನಲ್ಲೇ ಹಿಟ್ಟು ಅರ್ಧ ಕಲೆಯುತ್ತದೆ. ಆಮೇಲೆ ತೆಂಗಿನತುರಿ, ಹಸಿಮೆಣಸಿನಕಾಯಿ, ಜೀರಿಗೆ. ಸಬ್ಬಸಿಗೆ ಸೊಪ್ಪನ್ನು ಮಾತ್ರ ಜೊತೆಗೆ ಹಾಕಬಾರದು, ಅದರ ಘಮದ ಮುಂದೆ ಲೀಕ್ ಇದ್ದೂ ಇಲ್ಲದಂತಾಗುತ್ತದೆ. ರೊಟ್ಟಿಯನ್ನು ಸಣ್ಣ ಉರಿಯಲ್ಲಿ, ಮುಚ್ಚಿ ಬೇಯಿಸಬೇಕು.

ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿಯ ಒಗ್ಗರಣೆಯಲ್ಲಿ ಮುಚ್ಚಿ ಬೇಯಿಸಿ ತೆಂಗಿನತುರಿ ಉದುರಿಸಿದ ಪಲ್ಯವೂ, ಬೆಂದು ಆರಿದ ಲೀಕನ್ನು ಗಟ್ಟಿ ಮೊಸರಿಗೆ ಬೆರೆಸಿದ ಮೊಸರು ಗೊಜ್ಜೂ ಚೆನ್ನಾಗಿರುತ್ತವೆ. ಹುಣಸೆಹಣ್ಣು, ಹುಳಿಪುಡಿ ಬೀಳುವ ಹುಳಿಗೆ, ಗರಂ ಮಸಾಲೆಯ ಗ್ರೇವಿಗೆ ಇದನ್ನು ಹಾಕುವುದು ನನ್ನ ಅಭಿಪ್ರಾಯದಲ್ಲಿ ಬರಿಯ ವ್ಯರ್ಥ. ಅಲ್ಲಿ ಈರುಳ್ಳಿಯೇ ವಾಸಿ.

ಹೊರನಾಡಿನ ಅಡುಗೆಗಳಲ್ಲಿ ಮೊದಲು ಯಾವುದನ್ನು ಮಾಡಿ ನೋಡಲಿ?

ಲೀಕ್ ಮತ್ತು ಆಲೂಗಡ್ಡೆಯ ಸೂಪನ್ನು. ಮೂರು ಲೀಕ್ ಬೆಣ್ಣೆಯಲ್ಲಿ ಮೆತ್ತಗಾದ ಮೇಲೆ ಎರಡು ಆಲೂಗಡ್ಡೆಯ ತೆಳು ಬಿಲ್ಲೆ, ಮುಳುಗುವಷ್ಟು ನೀರು ಹಾಕಿ ಬೇಯಿಸಿ, ನುಣ್ಣಗೆ ಅರೆದು, ಸ್ವಲ್ಪ ಹಾಲು ಅಥವಾ ಕೆನೆ ಬೆರೆಸಿದರೆ ಫ್ರಾನ್ಸಿನ ಮನೆಗಳ ನಿತ್ಯದ ಸೂಪ್ ಸಿದ್ಧ. ಇದನ್ನೇ ತಣ್ಣಗೆ ಮಾಡಿ ಬಡಿಸಿದರೆ ಅದು ವಿಶಿಸ್ವಾಸ್. ನ್ಯೂಯಾರ್ಕಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಬಾಣಸಿಗನಾಗಿದ್ದ ಲೂಯಿ ದಿಯಾ ಎಂಬ ಫ್ರೆಂಚರು 1917ರ ಸುಮಾರಿಗೆ ತಮ್ಮ ತಾಯಿಯ ಸೂಪಿನ ನೆನಪಿನಲ್ಲಿ ಅದನ್ನು ರೂಪಿಸಿದರೆಂದು ಪ್ರಸಿದ್ಧಿ. ಬೆಂಗಳೂರಿನ ಏಪ್ರಿಲ್‌ಗೆ ತಣ್ಣನೆಯದೇ ಹಿತ. ತುರ್ಕಿಯವರು ಲೀಕಿನ ತುಂಡುಗಳನ್ನು ಕ್ಯಾರೆಟ್, ಒಂದು ಹಿಡಿ ಅಕ್ಕಿಯೊಡನೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿದ ಮೇಲೆ ನಿಂಬೆರಸ ಹಿಂಡಿ ತಿನ್ನುತ್ತಾರೆ. ಹಿಂದಿನ ರಾತ್ರಿ ಮಾಡಿಟ್ಟು ಮಾರನೆಯ ದಿನ ಡಬ್ಬಿಗೆ ಕಟ್ಟಿಕೊಡಲು ಇದಕ್ಕಿಂತ ಅನುಕೂಲದ್ದು ಕಡಿಮೆ.

ಎಷ್ಟು ದಿನ ಇಡಬಹುದು?

ತೊಳೆಯದೆ, ಬೇರು ಕತ್ತರಿಸದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಒಂದರಿಂದ ಎರಡು ವಾರ. ಹೆಚ್ಚಿ ತೊಳೆದು ಒರೆಸಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು. ಕರಗಿಸದೆ ನೇರವಾಗಿ ಬಾಣಲೆಗೆ ಹಾಕಬೇಕು, ಸೂಪಿಗೂ ತೊವ್ವೆಗೂ ಮಾತ್ರ ಅದು ಒದಗುತ್ತದೆ.

ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಯಾರು ಜಾಗ್ರತೆ ವಹಿಸಬೇಕು?

ಇದರಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಸರಪಳಿಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹುದುಗುತ್ತವೆ. ಅವು ಬಿಳಿ ಭಾಗದಲ್ಲಿ ಹೆಚ್ಚು, ಹಸಿರಿನಲ್ಲಿ ಕಡಿಮೆ. ಕರುಳು ಸೂಕ್ಷ್ಮವಾಗಿರುವವರು ಹಸಿರು ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ನೋಡಬಹುದು. ಲೀಕಿನಲ್ಲಿ ಕೆ ಜೀವಸತ್ವ ಗಣನೀಯವಾಗಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಒಮ್ಮೆಲೇ ಪ್ರಮಾಣ ಹೆಚ್ಚಿಸದೆ ವೈದ್ಯರನ್ನು ಕೇಳಬೇಕು. ನಾಯಿ, ಬೆಕ್ಕುಗಳಿಗೆ ಇದು ವಿಷ. ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಂದದ್ದೂ ಅಷ್ಟೇ ಅಪಾಯ, ಉಳಿದ ಸೂಪನ್ನು ಅವುಗಳ ತಟ್ಟೆಗೆ ಸುರಿಯಬಾರದು.

## ಇನ್ನೂ ಒಳಗೆ ಹೋಗಬಯಸುವವರಿಗೆ

ನಾವು ಇಂಗ್ಲೆಂಡಿನಲ್ಲಿದ್ದೇವೆ. ನಿಮ್ಮ ಹಬ್ಬಗಳ ಲೆಕ್ಕ ಇಲ್ಲಿ ನಡೆಯುತ್ತದೆಯೇ?

ನಡೆಯುವುದಿಲ್ಲ, ಅಲ್ಲಿ ಲೆಕ್ಕ ತಿರುವುಮುರುವು. ಯುಗಾದಿಯ ಆಸುಪಾಸು, ಮಾರ್ಚ್ ಏಪ್ರಿಲ್‌ನಲ್ಲಿ ಬಿತ್ತನೆ, ಜೂನ್ ಹೊತ್ತಿಗೆ ನಾಟಿ, ಸೆಪ್ಟೆಂಬರ್‌ನಿಂದ ಮುಂದಿನ ವಸಂತದವರೆಗೆ ಕಟಾವು. ನಮ್ಮಲ್ಲಿ ಉಪಯೋಗವಿಲ್ಲವೆಂದ ಮಸಲ್‌ಬರಾ ಅಲ್ಲಿ ಸರಿಯಾದ ಆಯ್ಕೆ. ಚಳಿಗಾಲವಿಡೀ ನೆಲದಲ್ಲೇ ಬಿಟ್ಟು ಬೇಕಾದಾಗ ಕೀಳಬಹುದು. ಕೀಟಗಳೂ ಬೇರೆ. ಲೀಕ್ ಪತಂಗದ ಹುಳು ಎಲೆಯೊಳಗೆ ಕೊರೆದು ನಡುವಿನವರೆಗೆ ಇಳಿಯುತ್ತದೆ. ಅಲಿಯಂ ಎಲೆ ಸುರಂಗ ನೊಣ ಬ್ರಿಟನ್ನಿನಲ್ಲಿ 2002ರಲ್ಲಿ ಮೊದಲು ಕಂಡದ್ದು, ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮೊಟ್ಟೆಯಿಡುತ್ತದೆ. ಎಲೆಯ ಮೇಲೆ ಸಾಲಾಗಿ ಬಿಳಿ ಚುಕ್ಕೆಗಳು ಕಂಡರೆ ಅದರದೇ ಗುರುತು. ಎರಡಕ್ಕೂ ನಾಟಿಯ ದಿನದಿಂದಲೇ ಸಣ್ಣ ಕಣ್ಣಿನ ಪರದೆ ಮುಚ್ಚುವುದೇ ನಂಬಬಹುದಾದ ರಕ್ಷಣೆ. ವೇಲ್ಸ್‌ನಲ್ಲಿರುವವರಿಗೆ ಇದು ಬರಿಯ ತರಕಾರಿಯಲ್ಲ, ರಾಷ್ಟ್ರಲಾಂಛನ. ಮಾರ್ಚ್ 1ರ ಸಂತ ಡೇವಿಡರ ದಿನದಂದು ಅಲ್ಲಿಯವರು ಇದನ್ನು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಊಟಿಯಿಂದ ಬಂದ ಲೀಕಿನ ನಡುವೆ ಮರದಂಥ ಕಡ್ಡಿ ಇತ್ತು. ಅದೇನು?

ಹೂಕಡ್ಡಿ. ಲೀಕ್ ಎರಡು ವರ್ಷದ ಬಾಳಿನ ಸಸ್ಯ: ಮೊದಲ ವರ್ಷ ಎಲೆ, ಚಳಿ ಕಂಡ ಮೇಲೆ ಹೂವು. ಹತ್ತು ಡಿಗ್ರಿಗಿಂತ ಕೆಳಗಿನ ತಂಪು ಕೆಲವು ವಾರ ಸಿಕ್ಕರೆ ಬುಡದ ತಟ್ಟೆಯಿಂದ ಕಡ್ಡಿ ಏಳುತ್ತದೆ. ನೀಲಗಿರಿಯ ಚಳಿಗಾಲದಲ್ಲಿ ಅಂಥ ತಂಪು ಧಾರಾಳ, ಬೆಂಗಳೂರಿನಲ್ಲಿ ಅಪರೂಪ. ಉದ್ದಕ್ಕೆ ಸೀಳಿ ಕಡ್ಡಿಯನ್ನು ಮಾತ್ರ ಎಳೆದು ಬಿಸಾಡಿದರೆ ಸುತ್ತಲಿನ ಪದರಗಳು ತಿನ್ನಲು ಯೋಗ್ಯ.

ಹಾಗಾದರೆ ಬೆಂಗಳೂರಿನಲ್ಲಿ ನಮ್ಮದೇ ಬೀಜ ಉಳಿಸಿಕೊಳ್ಳಲು ಆಗುವುದೇ ಇಲ್ಲವೇ?

ಹೂವೇ ಬಾರದಿದ್ದರೆ ಬೀಜ ಎಲ್ಲಿಂದ? ಮಡಿಕೇರಿಗಿಂತಲೂ ತಂಪಾದ ಎತ್ತರದಲ್ಲಿ ತೋಟವಿದ್ದವರು ಪ್ರಯತ್ನಿಸಬಹುದು. ಒಂದೆರಡು ಗಿಡ ಸಾಲದು; ಒಂದು ಹೂವಿನಲ್ಲಿ ಪರಾಗ ಮೊದಲು ಉದುರಿ, ಅದನ್ನು ಪಡೆಯುವ ಹೆಣ್ಣು ಭಾಗವಾದ ಶಲಾಕೆ ಆಮೇಲೆ ಸಿದ್ಧವಾಗುವುದರಿಂದ ಇದು ಮುಖ್ಯವಾಗಿ ಜೇನ್ನೊಣಗಳಿಂದ ಅಡ್ಡ ಪರಾಗಸ್ಪರ್ಶವಾಗುವ ಬೆಳೆ. ಕೆಲವೇ ಗಿಡಗಳಿಂದ ತೆಗೆದ ಬೀಜದ ಪೀಳಿಗೆ ಬೇಗ ಸೊರಗುತ್ತದೆ, ಹಾಗಾಗಿ ಇಪ್ಪತ್ತಕ್ಕೆ ಕಡಿಮೆಯಿಲ್ಲದಂತೆ ಒಳ್ಳೆಯ ಗಿಡಗಳನ್ನು ಒಟ್ಟಿಗೆ ಹೂವಿಗೆ ಬಿಡಬೇಕು. ಪಕ್ಕದಲ್ಲಿ ಈರುಳ್ಳಿ ಹೂಬಿಟ್ಟಿದ್ದರೂ ಅದರೊಡನೆ ಬೆರಕೆಯಾಗುವುದಿಲ್ಲ.

ಬೀಜವಲ್ಲದ ದಾರಿಯೂ ಒಂದಿದೆ. ಇಂಗ್ಲೆಂಡಿನ ಈಶಾನ್ಯ ಭಾಗದ ಗಣಿ ಊರುಗಳಲ್ಲಿ ಗಿಡ್ಡ ಕಂಬದ, ತೋಳುಗಾತ್ರದ ಪಾಟ್ ಲೀಕ್ ಬೆಳೆದು ಸ್ಪರ್ಧೆಗೆ ಇಡುವ ಹಳೆಯ ರೂಢಿಯಿದೆ. ಆ ಬೆಳೆಗಾರರು ತಮ್ಮ ಒಳ್ಳೆಯ ಗಿಡದ ಗುಣ ಕೆಡದಿರಲೆಂದು ಹೂಗೊಂಚಲಿನ ಮೊಗ್ಗುಗಳನ್ನು ಸವರಿಬಿಡುತ್ತಾರೆ. ಆಗ ಬೀಜದ ಬದಲು ಅದೇ ಗೊಂಚಲಿನಲ್ಲಿ ಹುಲ್ಲಿನಂಥ ಮರಿಸಸಿಗಳು ಮೂಡುತ್ತವೆ, ಪ್ರತಿಯೊಂದೂ ತಾಯಿಗಿಡದ ತದ್ರೂಪು. ಬುಡದ ತಟ್ಟೆಯ ಪಕ್ಕದಲ್ಲಿ ಕೆಲವೊಮ್ಮೆ ಮೂಡುವ ಗೋಲಿಗಾತ್ರದ ಮರಿಗೆಡ್ಡೆಗಳನ್ನು ಬಿಡಿಸಿ ನೆಟ್ಟರೂ ಹೊಸ ಗಿಡ ಬರುತ್ತದೆ. ಆನೆ ಬೆಳ್ಳುಳ್ಳಿ ಎಂದು ಮಾರುವ ದೊಡ್ಡ ಎಸಳಿನ ಗೆಡ್ಡೆಯೂ ಬೆಳ್ಳುಳ್ಳಿಯಲ್ಲ, ಲೀಕಿನ ಜಾತಿಗೇ ಸೇರಿದ್ದು. ಅದರ ಒಂದೊಂದು ಎಸಳನ್ನು ದಸರೆಯ ಹೊತ್ತಿಗೆ ನೆಟ್ಟು, ಗೆಡ್ಡೆಯ ಗೊಡವೆಗೆ ಹೋಗದೆ ಎಲೆಗಾಗಿ ಮಾತ್ರ ಬೆಳೆಸಿದರೆ, ಬೀಜ ಸಿಗದ ವರ್ಷ ಲೀಕಿನ ರುಚಿಗೆ ಹತ್ತಿರದ ಸೊಪ್ಪು ಅಲ್ಲಿಂದ ದೊರೆಯುತ್ತದೆ.